ಹಿಂದಿನ ಎಡಗಡೆಯ ದನಿ

ಅವನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆಗೂ ಕೈತೊಳೆಯುವ ತೊಟ್ಟಿಗೂ ನಡುವೆ ಒಬ್ಬ ಕೂತರೆ ಇನ್ನೊಬ್ಬ ನಿಲ್ಲಲಾಗದಷ್ಟು ಜಾಗ. ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಿದ್ದ. ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ತಾವೇ ಮೊದಲು ಹೇಳಿದವರಂತೆ ಹೇಳಿ ನಗುವ ಮುದುಕರು ವಾರಕ್ಕೊಬ್ಬರಾದರೂ ಬರುತ್ತಿದ್ದರು. “ಹಲ್ಲು ನಾನು ಕೊಡ್ತೀನಿ, ಕಡಲೆ ನೀವು ನೋಡ್ಕೊಳ್ಳಿ” ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತಾಡುವ ಪೈಕಿಯಲ್ಲ.

ಒಂದೇ ಒಂದು ವಿಷಯ ಬಂದರೆ ಮಾತ್ರ ಅವನ ಬಾಯಿಗೆ ಬೀಗವಿರಲಿಲ್ಲ. ಕ್ಲಿನಿಕ್ಕಿನ ನರ್ಸಮ್ಮ ಅವನಿಗೆ ‘ನಾಲ್ಕು ಕಿವಿ’ ಎಂದು ಹೆಸರಿಟ್ಟಿದ್ದೇ ಅದಕ್ಕಾಗಿ.

ವಿಷಯ ಇಷ್ಟೆ. ಅವನು ಹುಡುಗನಾಗಿದ್ದಾಗ ನಾಲ್ಕಾರು ವರ್ಷ ಮಾತ್ರ ಒಂದು ಬಗೆಯ ಗ್ರಾಮಫೋನ್ ರೆಕಾರ್ಡುಗಳು ಬಂದಿದ್ದವು. ಕೇಳುವವನ ಮುಂದೆ ಎರಡು ಸ್ಪೀಕರ್, ಬೆನ್ನ ಹಿಂದೆ ಎರಡು. ನಾಲ್ಕರಿಂದಲೂ ಬೇರೆಬೇರೆ ಸದ್ದು. ಕ್ವಾಡ್ರಾಫೋನಿಕ್ ಎಂದು ಕರೆದರು. ಅದನ್ನು ಕೇಳಲು ಬೇಕಾದ ಯಂತ್ರ ಕೊಳ್ಳುವವರಿಲ್ಲದೆ ಎಲ್ಲ ಮಣ್ಣುಪಾಲಾಯಿತು. ಈಗ ಕೆಲವು ಸಣ್ಣ ಕಂಪನಿಗಳು ಗೋದಾಮುಗಳಲ್ಲಿ ಬಿದ್ದಿದ್ದ ಆ ಮೂಲ ಟೇಪುಗಳನ್ನು ಹುಡುಕಿ, ಇವತ್ತಿನ ಸರೌಂಡ್ ಸೌಂಡ್ ಡಿಸ್ಕುಗಳಾಗಿ ಮತ್ತೆ ಹೊರತರುತ್ತಿವೆ. ಅವನು ಅವನ್ನು ಕೂಡಿಡುತ್ತಿದ್ದ.

ಹಾಗಂತ ಅವನಿಗೆ ಸಂಗೀತದ ಹುಚ್ಚಿರಲಿಲ್ಲ. ಅವನು ಹುಡುಕುತ್ತಿದ್ದದ್ದು ಅಕ್ಕನನ್ನು.

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಇಪ್ಪತ್ತರ ವಯಸ್ಸಿಗೇ ಸ್ಟುಡಿಯೋ ಒಂದರಲ್ಲಿ ಕೋರಸ್ ಹಾಡಲು ಹೋಗುತ್ತಿದ್ದಳು. ಎರಡು ವರ್ಷದಲ್ಲಿ ಎಂಟು ಆಲ್ಬಮ್ಮುಗಳಲ್ಲಿ ಗುಂಪಿನ ನಡುವೆ ನಿಂತು ಹಾಡಿದಳು. ಒಂಬತ್ತನೆಯದರಲ್ಲಿ ಅವಳೊಬ್ಬಳಿಗೇ ಎರಡು ಸಾಲು ಸಿಕ್ಕಿತು. ರೆಕಾರ್ಡಿನ ಹೊದಿಕೆಯ ಮೇಲೆ ಹೆಸರು ಅಚ್ಚಾಗಿ ಬಂತು. ಪಕ್ಕದ ಮನೆಯವರ ಪ್ಲೇಯರನ್ನು ಎರವಲು ತಂದು ಮನೆಮಂದಿಯೆಲ್ಲ ಸುತ್ತ ಕೂತು ಕೇಳಿದರು. ಅವರ ಕೈಗೆ ಸಿಕ್ಕಿದ್ದು ಎರಡೇ ಸ್ಪೀಕರಿನ ಸಾಮಾನ್ಯ ರೆಕಾರ್ಡು. ಪಿಟೀಲುಗಳ ಮೊರೆತದ ಅಡಿಯಲ್ಲಿ ಎಲ್ಲೋ ಒಂದು ಹೆಣ್ಣುದನಿ. ಹೊದಿಕೆಯ ಮೇಲೆ ಹೆಸರಿತ್ತಲ್ಲ, ಅಷ್ಟು ಸಾಕಾಗಿತ್ತು. ಅಕ್ಕ ಮಾತ್ರ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ.

ಆಮೇಲೆ ಅವಳು ಸ್ಟುಡಿಯೋದ ಕಡೆ ತಲೆಹಾಕಲಿಲ್ಲ. ಯಾಕೆ ಎಂದರೆ, “ಸಾಕು ಅನ್ನಿಸ್ತು” ಎಂದಳು. ಎರಡು ಸಾಲು ಹಾಡಿದ್ದೇ ತಲೆಗೇರಿತು ಎಂದು ಅಪ್ಪ ಕೂಗಾಡಿದರು. ಅಕ್ಕ ಹಾಡುಗಾರ್ತಿಯೆಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ ತಮ್ಮನಿಗಂತೂ ಮುಖಭಂಗವಾಗಿತ್ತು. “ಸೊಕ್ಕು ನಿನಗೆ” ಎಂದು ಅವಳ ಮುಖಕ್ಕೇ ಹೇಳಿದ. ‘ಎರಡು ಸಾಲಿನ ಮಹಾರಾಣಿ’ ಎಂದು ಅಡ್ಡಹೆಸರಿಟ್ಟ. ಒಂದು ವರ್ಷ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ದಿನವಿಡೀ ಊರವರ ಮಾತಿಗೆ ತಂತಿ ಜೋಡಿಸುತ್ತ, ಮೂವತ್ತೊಂದನೆಯ ವಯಸ್ಸಿಗೆ ಮೂತ್ರಪಿಂಡ ಕೆಟ್ಟು ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವನು ಅವಳ ಕಾಲೊತ್ತುತ್ತ ಕೂತಿದ್ದಾಗಲೂ ಆ ಮಾತು ಎತ್ತಲಿಲ್ಲ. ತಪ್ಪಾಯ್ತು ಅನ್ನಬೇಕೆಂದು ಅವನಿಗೆ ಅನ್ನಿಸಿರಲೂ ಇಲ್ಲ.

ಆರು ವರ್ಷದ ಹಿಂದೆ ಟಿ.ವಿ.ಗೆ ಸ್ಪೀಕರ್ ನೋಡಲು ಅಂಗಡಿಯೊಂದಕ್ಕೆ ಹೋಗಿದ್ದ. ಅಲ್ಲಿ, ಅಕ್ಕ ಕೋರಸ್ ಹಾಡಿದ್ದ ಆಲ್ಬಮ್ಮೊಂದು ಹೊಸ ಡಿಸ್ಕಾಗಿ ಕಂಡಿತು. ಅಂಗಡಿಯವನು ಹಾಕಿ ತೋರಿಸಿದ. ಮುಂದಿನಿಂದ ವಾದ್ಯಗಳು ಬಂದವು. ಹೆಂಗಸರ ಗುಂಪು ಪೂರಾ ಬೆನ್ನ ಹಿಂದೆ ಹಾಡಿತು. ಆರು ದನಿಗಳ ನಡುವೆ, ‘ಸ’ ಎಂಬ ಅಕ್ಷರ ಬಂದಲ್ಲೆಲ್ಲ ಒಂದು ದನಿ ಸಣ್ಣಗೆ ಸೀಟಿಯೂದಿದಂತೆ ಕೇಳುತ್ತಿತ್ತು. ಅಕ್ಕನ ಮೇಲಿನ ಮುಂಬಲ್ಲುಗಳ ನಡುವೆ ಸಂದಿಯಿತ್ತು. ‘ಸಾಕು’ ಎಂದರೂ ‘ಸಕ್ಕರೆ’ ಎಂದರೂ ಗಾಳಿ ಅಲ್ಲಿಂದ ನುಸುಳುತ್ತಿತ್ತು.

ಅವನು ತಿರುಗಿ ನೋಡಿದ. ಗೋಡೆ ಇತ್ತು.

ಅಂದಿನಿಂದ ಮನೆಯ ಹಿಂದಿನ ಕೋಣೆ ಅವನದಾಯಿತು. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್, ನೆಲದ ತುಂಬ ತಂತಿ, ನಡುಮಧ್ಯದಲ್ಲಿ ಒಂದೇ ಕುರ್ಚಿ. ಒಂದೊಂದಾಗಿ ಎಂಟು ಡಿಸ್ಕು ಸೇರಿದವು. ಎಂಟರಲ್ಲೂ ಆ ಸೀಟಿಯನ್ನು ಹುಡುಕಿ, ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು, ಯಾವ ಮೂಲೆ ಎಂದು ಬರೆದಿಟ್ಟುಕೊಂಡ. ಬಸ್ ಡಿಪೋದಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿಗೆ ರೇಗಿಹೋಗಿತ್ತು. “ಸತ್ತವರನ್ನ ಕೇಳೋಕೆ ನಾಲ್ಕು ಸ್ಪೀಕರ್ರು. ಮನೇಲಿರೋರನ್ನ ಕೇಳೋಕೆ ಒಂದು ಕಿವಿನೂ ಇಲ್ಲ” ಎಂದಳೊಮ್ಮೆ. ಅದನ್ನೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮ್ಮ ಅವರ ಜೊತೆಯಲ್ಲೇ ಇದ್ದಳು. ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಬಂದು ಕೇಳು ಎಂದು ಕರೆದರೆ, “ಗುಂಪಲ್ಲಿ ಅವಳನ್ನ ಹುಡುಕೋಕೆ ನನ್ನ ಕೈಲಾಗಲ್ಲ ಕಣೋ. ಅವಳೊಬ್ಬಳೇ ಹಾಡಿದ್ದು ಬರಲಿ, ಆವಾಗ ಕೂರ್ತೀನಿ” ಎನ್ನುತ್ತಿದ್ದಳು.

ಆ ಒಂಬತ್ತನೆಯದು ಬರಲು ಮೂರು ವರ್ಷ ಹಿಡಿಯಿತು. ಅದನ್ನು ಹೊರತರಬೇಕಿದ್ದ ಕಂಪನಿಯವರು ಟೇಪು ಸಿಕ್ಕಿಲ್ಲ ಎಂದರು; ಸಿಕ್ಕಿದೆ, ಆದರೆ ಅಂಟಿಕೊಂಡಿದೆ ಎಂದರು; ಬಿಸಿಮಾಡಿ ಬಿಡಿಸುತ್ತಿದ್ದೇವೆ ಎಂದರು. ಅವನು ಕಂಪನಿಗೆ ಕಾಗದದ ಮೇಲೆ ಕಾಗದ ಬರೆದ. ತಾನು ಆ ಗಾಯಕಿಯ ತಮ್ಮನೆಂದೂ ತಿಳಿಸಿದ್ದ. ಕೊನೆಗೆ ಒಂದು ಶನಿವಾರ ಪಾರ್ಸೆಲ್ ಬಂತು. ತಾನೊಬ್ಬನೇ ಕೇಳಬಾರದು, ಅಮ್ಮನ ಜೊತೆಗೇ ಮೊದಲ ಸಲ ಕೇಳಬೇಕು ಎಂದು ಅದನ್ನು ಹಾಗೆಯೇ ಇಟ್ಟ.

ಭಾನುವಾರ ಬೆಳಿಗ್ಗೆ ಅಮ್ಮ ತಲೆ ಬಾಚಿಸಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದು ನಡುವಿನ ಕುರ್ಚಿಯಲ್ಲಿ ಕೂತಳು. ಅವನು ಗೋಡೆಗೊರಗಿ ನಿಂತ. ಹೆಂಡತಿ ಕೂಡ ಕೈಯೊರಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಕೊನೆಯ ಹಾಡು ಶುರುವಾಯಿತು. ಪಿಟೀಲುಗಳೆಲ್ಲ ಮುಂದೆ ಸರಿದು ನಿಂತವು. ಹಿಂದಿನ ಎಡಗಡೆಯ ಸ್ಪೀಕರಿನಿಂದ, ಯಾರೋ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತು ಹಾಡಿದಷ್ಟು ಹತ್ತಿರದಲ್ಲಿ, ಆ ಎರಡು ಸಾಲು ಬಂದವು.

ಎರಡನೆಯ ಸಾಲಿನಲ್ಲಿ ‘ಸ’ ಮೂರು ಸಲ ಇತ್ತು. ಮೂರೂ ಸಲ ಅದು ತೊಳೆದಿಟ್ಟಷ್ಟು ಶುದ್ಧವಾಗಿತ್ತು. ಜೀವಮಾನವಿಡೀ ಹಲ್ಲು ಜೋಡಿಸಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಬಾಯಲ್ಲಿ ಸಂದಿ ಇರಲಿಲ್ಲ.

ಅಮ್ಮ ಕತ್ತು ಹೊರಳಿಸಿದಳು. “ಯಾರಿವಳು?”

“ಅಕ್ಕ ಕಣಮ್ಮ” ಎಂದ. ಅವನ ದನಿ ಅವನಿಗೇ ನಂಬಿಕೆ ಹುಟ್ಟಿಸಲಿಲ್ಲ.

“ಇನ್ನೊಂದು ಸಲ ಹಾಕು.”

ಹಾಕಿದ. ಮತ್ತೊಂದು ಸಲವೂ ಹಾಕಿದ.

“ಇದು ನನ್ನ ಮಗಳಲ್ಲ ಕಣೋ” ಎಂದಳು ಅಮ್ಮ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸೊಸೆಯತ್ತ ಕೈಚಾಚಿದಳು, ಸೊಸೆ ಎಬ್ಬಿಸಿಕೊಂಡು ಹೋದಳು.

ಡಿಸ್ಕಿನ ಜೊತೆ ಒಂದು ಪುಸ್ತಿಕೆಯಿತ್ತು. ಅದರಲ್ಲಿ ಧ್ವನಿಮುದ್ರಣದ ದಿನ ಸ್ಟುಡಿಯೋದವರು ಬರೆದಿಟ್ಟಿದ್ದ ಹಾಳೆಯ ಚಿತ್ರ ಅಚ್ಚಾಗಿತ್ತು. ಭೂತಗನ್ನಡಿ ಹಿಡಿದು ಓದಿದ. ಅಕ್ಕನ ಹೆಸರಿನ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ‘ಬದಲಿ’ ಎಂದು ಬರೆದು ಇನ್ನೊಂದು ಹೆಣ್ಣಿನ ಹೆಸರಿತ್ತು. ತಾರೀಖು ಮಾರನೆಯ ದಿನದ್ದು.

ಆ ಕಾಲದ ರೆಕಾರ್ಡಿಸ್ಟ್ ಇನ್ನೂ ಬದುಕಿದ್ದರು. ಕಂಪನಿಯವರಿಂದ ನಂಬರ್ ಪಡೆದು, ಸೋಮವಾರ ಊಟದ ಹೊತ್ತಿನಲ್ಲಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದ. ತಾನು ಇಂಥವರ ತಮ್ಮ ಎಂದ.

“ಆಕೆ ನೆನಪಿದಾರೆ” ಎಂದರು ಮುದುಕರು. “ಗಂಟಲು ಬಂಗಾರ. ಹಲ್ಲಿಂದ ಮಾತ್ರ ಒಂಚೂರು ಸೀಟಿ ಬರ್ತಿತ್ತು. ಎರಡು ಸ್ಪೀಕರ್ ರೆಕಾರ್ಡಾಗಿದ್ರೆ ಪಿಟೀಲಲ್ಲಿ ಮುಚ್ಚಿ ಹೋಗ್ತಿತ್ತು ಸಾರ್, ಯಾರಿಗೂ ತಿಳೀತಿರ್ಲಿಲ್ಲ. ಅದು ನಾಲ್ಕರದ್ದು. ಹಿಂದೆ ಎಡಗಡೆ ಆಕೆ ಒಬ್ಬರೇ. ಹಾಕಿ ಕೇಳಿದ್ರೆ ಸೀಟಿನೇ ಕೇಳ್ಸೋದು.”

“ಆಮೇಲೆ?”

“ಹನ್ನೊಂದು ಸಲ ಹಾಡಿಸಿದ್ವಿ. ಕೊನೆಗೆ ನಿರ್ಮಾಪಕರು ಎಲ್ಲರ ಮುಂದೆ ಅಂದುಬಿಟ್ರು, ಮೊದಲು ಹಲ್ಲು ಸರಿಮಾಡಿಸ್ಕೊಂಡು ಬಾ ಅಂತ. ನಕ್ಕುಬಿಟ್ರು ಕೆಲವರು. ನಾನೂ ನಕ್ಕಿರಬಹುದು, ಸುಳ್ಳು ಯಾಕೆ ಹೇಳಲಿ. ಹೊದಿಕೆ ಆಗಲೇ ಅಚ್ಚಾಗಿತ್ತು, ಹೆಸರು ಹಾಗೇ ಉಳೀತು. ಆಕೆ ನೀರು ಕೇಳಿದ್ರು. ಕುಡಿದು, ಲೋಟ ತೊಳೆದಿಟ್ಟು ಹೋದ್ರು.”

ಅವನು ಫೋನು ಇಟ್ಟು ಅಲ್ಲಿಯೇ ಕೂತ. ಆ ವರ್ಷದಿಂದಲೇ ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಶುರುಮಾಡಿದ್ದಳು. ಅದನ್ನೂ ಅವನು ಬಿಂಕವೆಂದೇ ಎಣಿಸಿದ್ದ. ಅವಳ ಎದುರಿಗೇ ಅಣಕಿಸಿದ್ದ. ಕ್ಯಾಪು ಮಾಡಿ ಮುಂಬಲ್ಲಿನ ಸಂದಿ ಮುಚ್ಚುವುದು ಅವನಿಗೆ ಒಂದು ಮಧ್ಯಾಹ್ನದ ಕೆಲಸ. ಅಂಥವನ್ನು ಎಷ್ಟು ಮಾಡಿದ್ದಾನೆಂದು ಅವನಿಗೇ ಲೆಕ್ಕವಿಲ್ಲ. ಅವಳು ಹೋದ ಮರುವರ್ಷವಷ್ಟೇ ಅವನಿಗೆ ಆ ಕೆಲಸ ಕೈಗೆ ಹತ್ತಿದ್ದು.

ಇನ್ನೂ ಒಂದು ಮಾತು ಅವನನ್ನು ಕೊರೆಯಿತು. ಯಾವ ನಾಲ್ಕು ಸ್ಪೀಕರುಗಳನ್ನು ಅಕ್ಕನನ್ನು ಮರಳಿ ಕೊಟ್ಟ ದೇವರಂತೆ ಮೂಲೆಮೂಲೆಗೆ ಕೂರಿಸಿಕೊಂಡಿದ್ದನೋ, ಅವಳನ್ನು ಹೊರಹಾಕಿದ್ದು ಅವೇ. ಎಂಟು ಡಿಸ್ಕುಗಳಲ್ಲಿ ಕಿವಿ ನಿಮಿರಿಸಿ ಹೆಕ್ಕಿಟ್ಟುಕೊಂಡಿದ್ದ ಆ ಸೀಟಿ, ಅವಳು ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದ ಸದ್ದು.

ಬುಧವಾರ ಅಮ್ಮನೇ ಕೇಳಿದಳು. “ಯಾರನ್ನಾದ್ರೂ ವಿಚಾರಿಸಿದ್ಯೇನೋ?”

ಅರ್ಧ ಹೇಳಿ ಅರ್ಧ ನುಂಗಬೇಕೆಂದು ಶುರುಮಾಡಿದವನು ಎಲ್ಲವನ್ನೂ ಹೇಳಿಬಿಟ್ಟ. ಅಮ್ಮ ಕೇಳಿಸಿಕೊಂಡಳು. “ನಮ್ಮ ಹತ್ರ ಒಂದು ಮಾತು ಹೇಳ್ಬಾರದಾಗಿತ್ತಾ ಅವಳು” ಎಂದಳು.

“ಹೇಳೋ ಹಾಗೆ ನಾವೆಲ್ಲಿ ಇಟ್ಟಿದ್ವಿ” ಎಂದ ಅವನು.

ಅಮ್ಮ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದಳು. “ಆ ಎರಡು ಸಾಲು ನಲವತ್ತು ವರ್ಷ ನನ್ನ ಹತ್ರ ಇತ್ತು. ಗೀಚಲು ರೆಕಾರ್ಡೋ, ಪಿಟೀಲು ಗದ್ದಲವೋ, ಏನೋ ಒಂದು. ಮಗಳು ಇದ್ಲು ಅದರೊಳಗೆ. ನೀನು ಹುಡುಕಿ ಹುಡುಕಿ ಕಳೆದೆ.”

ಬೈದು ಹೇಳಿದ್ದಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಲ್ಲಿಂದ ಮುಂದೆ ಅಮ್ಮ ಮಗಳ ಮಾತೆತ್ತಲಿಲ್ಲ. ಹಳೆಯ ರೆಕಾರ್ಡನ್ನು ತನ್ನ ಕಪಾಟಿನಿಂದ ತೆಗೆಸಿ, “ನಿನ್ನ ಕೋಣೇಲಿಟ್ಕೋ” ಎಂದು ಕೊಟ್ಟಳು. ಹತ್ತು ತಿಂಗಳ ಮೇಲೆ ಎದೆಯ ಕಫ ಹೆಚ್ಚಾಗಿ ಹೋದಳು. ಕೊನೆಯ ವಾರ ತಂಗಿಯನ್ನು, ತವರಿನ ನಾಯಿಯನ್ನು, ಯಾರುಯಾರನ್ನೋ ಕರೆದಳು. ಮಗಳ ಹೆಸರು ಬರುತ್ತದೋ ಎಂದು ಅವನು ಬಾಯಿಯ ಹತ್ತಿರ ಕಿವಿಯಿಟ್ಟು ಕಾದ. ಬರಲಿಲ್ಲ.

ಹಿಂದಿನ ಕೋಣೆಗೆ ಅವನು ಹೋಗುವುದು ನಿಂತಿತು. ಒಂದು ದಿನ ಹೆಂಡತಿಯೇ, “ಯಾವುದಾದ್ರೂ ಹಾಕ್ರೀ. ಮನೆ ಬಿಕೋ ಅನ್ನುತ್ತೆ” ಎಂದಳು. ಅವನು ಎದ್ದುಹೋಗಿ ಗುಂಡಿ ಒತ್ತಿದ. ಗುಂಪಿನ ಹಾಡು ಬಂತು. ಮೊದಲ ‘ಸ’ ಬರುವ ಮುಂಚೆಯೇ ಆರಿಸಿದ. “ಆಗಲ್ಲ ಕಣೆ” ಎಂದ. ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಅವನಿಗೆ ಅದು ಯಾರದೋ ಭುಜವೆನಿಸಿತು.

ಕಂಪನಿಯವನೊಬ್ಬ ಕ್ಲಿನಿಕ್ಕಿಗೆ ಫೋನು ಮಾಡಿದ್ದು ಅದಾಗಿ ಕೆಲವು ವಾರಕ್ಕೆ. ಮರ್ಯಾದಸ್ಥನಂತೆ ಮಾತಾಡಿದ. “ಆ ಡಿಸ್ಕು ಎರಡನೇ ಸಲ ಅಚ್ಚಾಗ್ತಿದೆ ಸಾರ್. ಹೊದಿಕೆ ಮೇಲಿನ ಹೆಸರು ತಪ್ಪು ಅಂತ ಗೊತ್ತಾಗಿದೆ. ನಿಜವಾಗಿ ಹಾಡಿದವರ ಹೆಸರು ಹಾಕ್ತೀವಿ. ನಿಮ್ಮ ಅಕ್ಕನ ಹೆಸರು ತೆಗೀಬೇಕಾಗುತ್ತೆ. ನೀವು ಮನೆಯವರು, ಒಂದು ಮಾತು ಕೇಳಿಯೇ ಮಾಡೋಣ ಅಂತ.”

“ಅವರು ಇದಾರಾ, ಹಾಡಿದವರು?”

“ಇದಾರೆ. ಅರವತ್ತೆಂಟು ವರ್ಷ. ನಲವತ್ತು ವರ್ಷದಿಂದ ಮನೆಯವರಿಗೆಲ್ಲ ಹೇಳ್ತಾ ಬಂದಿದಾರಂತೆ, ಅದು ನಾನು ಅಂತ. ಹೆಸರು ಬೇರೆ ಇತ್ತಲ್ಲ, ಯಾರೂ ನಂಬಿಲ್ಲ.”

ಅಕ್ಕನ ಹೆಸರು ಈ ಲೋಕದಲ್ಲಿ ಅಚ್ಚಾಗಿ ಉಳಿದಿದ್ದ ಜಾಗ ಅದೊಂದೇ. ಕೋರಸ್ಸಿನವರ ಹೆಸರನ್ನು ಯಾರೂ ಹಾಕುವುದಿಲ್ಲ. ಇಲ್ಲವೆನ್ನಬಹುದಿತ್ತು, ತಕರಾರು ತೆಗೆದು ಎಳೆದಾಡಿಸಬಹುದಿತ್ತು. ಅವನು ಮೇಜಿನ ಅಂಚನ್ನು ಹಿಡಿದು ನಿಂತಿದ್ದ.

“ಸರಿಯಾದ್ದನ್ನೇ ಬರೀರಿ” ಎಂದ.

“ನಿಮಗೇನೂ ಬೇಜಾರಿಲ್ಲ ತಾನೆ ಸಾರ್?”

“ಬರೀರಿ” ಎಂದು ಫೋನು ಇಟ್ಟ.

ಮೇಜಿನ ಮೇಲೆ ಯಾರದೋ ಕೆಳದವಡೆಯ ಅಚ್ಚಿತ್ತು. ಮಾತಾಡುವಷ್ಟರಲ್ಲಿ ಮೇಣ ಆರಿ ಬಿರುಸಾಗಿತ್ತು. ಅವನು ದೀಪ ಹಚ್ಚಿ, ಅಲಗನ್ನು ಕಾಯಿಸಿ, ಅದನ್ನು ಮೆತ್ತಗೆ ಮಾಡತೊಡಗಿದ. “ಡಾಕ್ಟರು ಕೇಳ್ತಿದಾರೆ, ಆಯ್ತಾ ಅಂತ” ಎಂದು ನರ್ಸಮ್ಮ ಬಾಗಿಲಲ್ಲಿ ನಿಂತು ಎರಡು ಸಲ ಕರೆದಳು. ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಒಳಗೆ ಬಗ್ಗಿ ಅವನ ಮುಖ ನೋಡಿದವಳು ಬಾಗಿಲು ಮುಂದೆ ಮಾಡಿಕೊಂಡು ಹಿಂದಿರುಗಿದಳು.