ಸಿಂಗಸಂದ್ರದಿಂದ ಫೋನು ಮಾಡಿದವಳು

ನಮ್ಮ ಟಿ. ದಾಸರಹಳ್ಳಿಯ ಸಮುದಾಯ ರೇಡಿಯೋ ಬಗ್ಗೆ ಬರೆದುಕೊಡಿ, ನೀವು ಮೊದಲಿನಿಂದ ಇದ್ದವರು ಎಂದು ಇಲ್ಲಿನ ಕಾಲೇಜಿನವರು ಕೇಳಿದರು. ಇದ್ದದ್ದು ನಿಜ, ಕಸ ಗುಡಿಸಲು ಇದ್ದೆ. ನಾಲ್ಕನೇ ಕ್ಲಾಸು ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿ, ಹೊಗಳಿಕೆ ಮಾತ್ರ ಸೇರಿಸಬೇಡಿ.

ಕಾಲೇಜಿನವರು ಮುರಿದ ಬೆಂಚು ತುಂಬಿದ್ದ ಕೋಣೆ ಖಾಲಿ ಮಾಡಿಸಿ ರೇಡಿಯೋ ಶುರು ಮಾಡಿದರು. ದನಿ ಗುಂಯ್‌ಗುಡದಿರಲಿ ಎಂದು ಗೋಡೆಗೆಲ್ಲ ಅಂಗಡಿಯ ಹಳೇ ಮೊಟ್ಟೆ ಟ್ರೇ ಅಂಟಿಸಿದರು. ಒಡೆದ ಮೊಟ್ಟೆಯ ಲೋಳೆ ಅದರಲ್ಲೇ ಒಣಗಿತ್ತು. ಬಾಗಿಲು ತೆಗೆದರೆ ನಾತ ಮೂಗಿಗೆ ಹೊಡೆಯುತ್ತಿತ್ತು. ನೀರಿನ ಟ್ಯಾಂಕಿನ ಮೇಲೆ ಪ್ರಸಾರದ ಕಂಬ ನಿಲ್ಲಿಸಿದರು. ಜಾಲಹಳ್ಳಿ ದಾಟಿದರೆ ಬರೀ ಗೊರಗೊರ. ಬಾಗಿಲ ಮೇಲೆ ಮಾತ್ರ ‘ನೀವೇ ಮಾತಾಡಿ’ ಎಂದು ದೊಡ್ಡ ಬೋರ್ಡು.

ಮೊದಮೊದಲು ಬೀದಿಯ ಹೆಂಗಸರು ಬಂದು ಸೋಬಾನೆ ಹಾಡಿದರು, ನಲ್ಲಿಯಲ್ಲಿ ನೀರಿಲ್ಲ ಎಂದು ಬೈದರು. ಬೈದದ್ದನ್ನು ಕತ್ತರಿಸಿ ಹಾಡನ್ನು ಹಾಕಿದರು. ಆಮೇಲೆ ಯಾರೂ ಬರಲಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬರು ಡಾಕ್ಟರಮ್ಮ ಬಂದು ಕೂರುತ್ತಿದ್ದರು. ಕೇಳುವವರು ಫೋನು ಮಾಡಿ ಪ್ರಶ್ನೆ ಕೇಳಬೇಕು. ಎರಡು ವಾರ ಒಂದೂ ಫೋನು ಬರಲಿಲ್ಲ. ರೇಡಿಯೋ ನಡೆಸುತ್ತಿದ್ದ ಸಾರು ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಕೈಗೆ ಮೊಬೈಲು ಕೊಟ್ಟರು.

“ಅಜ್ಜಿ, ನೀವೇ ಕಾಲ್ ಮಾಡಿ, ಏನಾದ್ರೂ ಕೇಳ್ತಾ ಇರಿ. ಡಾಕ್ಟರ್ ಮುಂದೆ ಮರ್ಯಾದೆ ಹೋಗತ್ತೆ.”

ಸೆರಗು ಬಾಯಿಗೆ ಅಡ್ಡ ಹಿಡಿದು ಮಾತಾಡಿದೆ. ಒಂದು ಸಲ ಜಾಲಹಳ್ಳಿಯ ಗ್ಯಾಸ್ ಟ್ರಬಲ್, ಇನ್ನೊಂದು ಸಲ ಸಿಂಗಸಂದ್ರದ ಮಂಡಿನೋವು. ಸಿಂಗಸಂದ್ರ ಊರಿನ ಆ ತುದಿ. ಅಲ್ಲಿ ನಮ್ಮ ರೇಡಿಯೋ ಕೇಳುವುದೇ ಇಲ್ಲ. ಅದು ಯಾರಿಗೂ ಹೊಳೆಯಲಿಲ್ಲ. ಅರ್ಧ ಗಂಟೆ ಪೂರ್ತಿ ಇದ್ದ ಒಂದೇ ಲೈನು ಬಿಡಬಾರದು ಎಂದಿದ್ದರು, ಬಿಡಲಿಲ್ಲ. ನನಗೂ ರುಚಿ ಹತ್ತಿತ್ತು.

ನಾನು ಹಾಗೆ ಫೋನು ಹಿಡಿದು ಕೂತ ಮೂರನೇ ಬುಧವಾರ ಸಂಜೆ ನಮ್ಮ ವಠಾರದ ನಲ್ಲಿ ಹತ್ತಿರ ಪಕ್ಕದ ರೂಮಿನವಳು ವಾಂತಿ ಮಾಡುತ್ತಿದ್ದಳು. ವಿಜಯಪುರ ಕಡೆಯವಳು, ಪೀಣ್ಯದಲ್ಲಿ ಕಬ್ಬಿಣದ ಸಾಮಾನು ಆಸಿಡ್ಡಿನಲ್ಲಿ ಅದ್ದುವ ಕೆಲಸ. ಬಸಿರಿ.

“ಮೂರು ವಾರ ಆತ್ರಿ ಆಯಿ, ಶಿಫ್ಟ್ ಮುಗಿಸಿ ಬಂದು ರೇಡಿಯೋ ಡಾಕ್ಟರಿಗೆ ಫೋನ್ ಹಚ್ಚಾಕತ್ತೀನಿ. ಬರೇ ಎಂಗೇಜ್. ಆಸಿಡ್ ತೊಟ್ಟಿ ಹತ್ರ ನಿಂತ್ರ ಕೂಸಿಗೆ ಏನರ ಆಗತೈತೇನು ಅಂತ ಕೇಳಬೇಕಿತ್ತು.”

ಆಸ್ಪತ್ರೆಗೆ ಹೋಗಲು ರಜೆ ಕೇಳಿದರೆ ಸೂಪರ್‌ವೈಸರಿಗೆ ಬಸಿರು ಗೊತ್ತಾಗುತ್ತದೆ, ಕೆಲಸದಿಂದ ತೆಗೆಯುತ್ತಾರೆ. ರೇಡಿಯೋದಲ್ಲಾದರೆ ಹೆಸರು ಹೇಳಬೇಕಿಲ್ಲ ಎಂದುಕೊಂಡಿದ್ದಳು. ಅವಳ ಲೈನು ಹಿಡಿದು ಕೂತಿದ್ದವಳು ನಾನು. ಆ ಮೊಟ್ಟೆ ಟ್ರೇ ನಾತ ನನ್ನ ಬಾಯಿಂದಲೇ ಬಂದಂತಾಯಿತು. ಮುಚ್ಚಿಡದೆ ಹೇಳಿಬಿಟ್ಟೆ.

ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು. “ಆ ಸಿಂಗಸಂದ್ರದ ಮಂಡಿನೋವು ನೀವೇ ಏನ್ರಿ? ಪಾಪ ಮುದುಕಿ ಅಂತ ನಾ ಮರುಗಿದ್ನೆಲ್ರಿ.”

ಮುಂದಿನ ಬುಧವಾರ ಸಾರು ಮೊಬೈಲು ಹಿಡಿದು ಬಂದರು.

“ಇವತ್ತು ಮಂಡಿ ನೋವಿಲ್ಲ ಸಾರ್,” ಎಂದು ನೆಲ ಒರೆಸುತ್ತಾ ಬಾಗಿಲಲ್ಲೇ ಇದ್ದೆ. ಹತ್ತು ನಿಮಿಷ ಫೋನು ಸುಮ್ಮನಿತ್ತು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. ಆಮೇಲೆ ಫೋನು ರಿಂಗಾಯಿತು. ಅವಳೇ.

ಡಾಕ್ಟರಮ್ಮನ ಮುಖದ ನಗು ಹೋಯಿತು. ನಾಳೆಯಿಂದ ಆ ತೊಟ್ಟಿ ಹತ್ತಿರ ಹೋಗಬೇಡ, ಸಂಜೆ ನನ್ನ ಕ್ಲಿನಿಕ್ಕಿಗೇ ಬಾ ಎಂದರು. “ಇಷ್ಟು ದಿನ ಯಾಕಮ್ಮ ಕೇಳ್ಲಿಲ್ಲ?”

“ಲೈನ್ ಸಿಗಲಿಲ್ರಿ,” ಎಂದಳು. ಅಷ್ಟೇ ಹೇಳಿದಳು.

ಮಾರನೆಯ ವಾರ ಸಾರು ಟೈಪಿಸ್ಟ್ ಹುಡುಗಿಯ ಕೈಗೆ ಮೊಬೈಲು ಕೊಟ್ಟರು. ಕೇಳುಗರ ಅಪಾರ ಸ್ಪಂದನೆ ಎಂದು ವರ್ಷದ ವರದಿಯಲ್ಲಿ ಅಚ್ಚಾಯಿತು. ಥೂ.

ಅವಳು ಕೆಲಸ ಬಿಟ್ಟಳು. ಕೂಸು ಹುಟ್ಟಿತು, ಸಣಕಲು. ಬದುಕಿದೆ. ಅದರಲ್ಲಿ ನನ್ನ ಮೂರು ಬುಧವಾರದ ಪಾಲೆಷ್ಟು ಎಂದು ಡಾಕ್ಟರಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ.