ಸವಣೂರಿನಲ್ಲಿ ಕಂಡ ಈಜಿಪ್ಟಿನ ಗೋಡೆ

ಬೆಳಗಿನ ಬಸ್ಸಿಗೆ ಹಾನಗಲ್ಲಿನಿಂದ ಹೊರಟೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಬಂಕಾಪುರದಲ್ಲಿ ಬಸ್ಸು ಬದಲಿಸುವಾಗ ತಿಂದ ಮಿರ್ಚಿ, ಕುಡಿದ ಚಹಾ ಇಷ್ಟೇ ಖರ್ಚು. ಬಿಸಿಲು ಎಳೆಯದಾಗಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ಗೋವಿನಜೋಳದ ತೆನೆ ಮುರಿಯುತ್ತಿದ್ದರು.

ಸವಣೂರಿನಲ್ಲಿ ನನ್ನ ತಂಗಿ ಸುಧಾ ಇದ್ದಾಳೆ. ಗಂಡನ ಫೋಟೋ ಸ್ಟುಡಿಯೋದ ಮದುವೆ ಆಲ್ಬಮ್ಮುಗಳನ್ನು ಕಂಪ್ಯೂಟರಿನಲ್ಲಿ ತಿದ್ದುವವಳು ಅವಳೇ. ಈಗ ಹುಬ್ಬಳ್ಳಿಯವರೊಬ್ಬರು ಈಜಿಪ್ಟಿನ ಪುರಾತನ ಗೋರಿಯೊಂದರ ಫೋಟೋಗಳನ್ನು ಕೊಟ್ಟಿದ್ದರು. ಓರೆಯಾದದ್ದನ್ನು ನೆಟ್ಟಗೆ ಮಾಡಿ, ಬಣ್ಣ ತಿದ್ದಿ, ಒಂದಕ್ಕೊಂದು ಜೋಡಿಸಿ ಒಳಗಿನ ಗೋಡೆಗಳನ್ನು ಇಡಿಯಾಗಿ ತೋರಿಸಬೇಕು. ಮೊದಲ ಗೋಡೆಯೇ ಬಣ್ಣ ಸರಿಯಿಲ್ಲವೆಂದು ಎರಡು ಸಲ ವಾಪಸು ಬಂದಿತ್ತು. ಈ ಸಂಜೆಯೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ. "ಅಕ್ಕಾ, ಬಾಜೂಕ ಬಂದು ಸುಮ್ನ ಕುಂಡ್ರು, ಸಾಕು," ಎಂದು ಫೋನು ಮಾಡಿದ್ದಳು.

ಹೊರಗಿನ ಬೆಳಕಿಗೆ ಪರದೆಯ ಬಣ್ಣ ಬೇರೆಯಾಗಿ ಕಾಣಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದಳು. "ಮನೀನೂ ಗೋರಿ ಮಾಡ್ಯಾಳ ನೋಡ್ರಿ. ನಿಧಾನ ಬರ್ರಿ, ಎಡವೀರಿ," ಎಂದು ಅವಳ ಅತ್ತೆ ನಕ್ಕರು.

ಪರದೆಯ ಮೇಲೆ ಗಂಡಹೆಂಡತಿ ಅಕ್ಕಪಕ್ಕ ಕುಳಿತಿದ್ದರು, ಇಬ್ಬರೂ ಒಂದೇ ಕೆಂಗಂದು ಬಣ್ಣ. ಹೆಂಡತಿಯ ಕೈ ಗಂಡನ ಹೆಗಲ ಮೇಲೆ. ಉಗುರುಗಳನ್ನೂ ಬಿಡದೆ ಬರೆದಿದ್ದರು. ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದ ಕಥೆಗಳ ಈಜಿಪ್ಟಿನಲ್ಲಿ ಬರೀ ಮರಳು, ಒಂಟೆ. ಇಂಥ ಸಂಸಾರ ಇರಲಿಲ್ಲ.

"ತಿದ್ದೂಕಿಂತ ಮೊದಲಿಂದು ತೋರಿಸು," ಎಂದೆ. ಅದರಲ್ಲಿ ಹೆಂಡತಿಯ ಮೈಯೆಲ್ಲ ಹಳದಿ.

"ಅದು ಫೋಟೋ ತಗದಾಗಿನ ದೀಪದ ಹಳದಿ ಅಕ್ಕಾ. ತಗದು ಗಂಡನ ಬಣ್ಣಕ್ಕ ಹೊಂದಿಸೇನಿ."

"ಆಕಿ ಬಟ್ಟಿ ಬೆಳ್ಳಗ ಐತಲ್ಲ. ದೀಪ ಬರೇ ಮೈಮ್ಯಾಲೆ ಬಿತ್ತೇನು?"

ಸುಧಾ ಆ ಬಟ್ಟೆಯನ್ನು ದೊಡ್ಡದು ಮಾಡಿ ನೋಡಿ ಮೌಸ್ ಬಿಟ್ಟಳು. "ಮದುವಿ ಫೋಟೋದಾಗ ಎಲ್ಲಾರೂ ಮದುಮಗಳ ಮಾರಿಮ್ಯಾಲಿನ ಅರಿಷಿಣ ತಗೀರಿ ಅಂತಾರ. ಕೈಗೆ ಅದ ರೂಢಿ ಆಗೇತಿ. ಇಕಿದೂ ತಗದಬಿಟ್ಟೇನಿ."

ಬಾಗಿಲಲ್ಲಿದ್ದ ಅತ್ತೆ ಇಣುಕಿದರು. "ಗಂಡ ಬಾಜೂಕ ಕುಂತಾನ. ಅರಿಷಿಣ ಅಳಸ್ತಾರೇನವಾ?"

ಸುಧಾ ಆ ಗೋಡೆಯ ತಿದ್ದದ ಫೋಟೋಗಳನ್ನೆಲ್ಲ ಪರದೆಯ ಮೇಲೆ ತೆರೆದು ನೋಡಿದಳು. ಗಂಡಸರೆಲ್ಲ ಕೆಂಪು, ಹೆಂಗಸರೆಲ್ಲ ಹಳದಿ. ಬರೆದವನೇ ಹಾಗೆ ಬರೆದಿದ್ದ. ಹೆಂಗಸರೆಲ್ಲರ ಹಳದಿಯನ್ನೂ ಮರಳಿಸಿ ಹುಬ್ಬಳ್ಳಿಯವರಿಗೆ ಕಳಿಸಿದಳು. ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅವಳು ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ, ಫೋನನ್ನೇ ನೋಡುತ್ತಿದ್ದಳು.

ಇಳಿಹೊತ್ತಿಗೆ ಒಪ್ಪಿಗೆ ಬಂತು, ಜೊತೆಗೆ ಉಳಿದ ಗೋಡೆಗಳ ಫೋಟೋಗಳೂ.

ಬಸ್‌ಸ್ಟ್ಯಾಂಡಿಗೆ ನನ್ನನ್ನು ಕಳಿಸಲು ಅತ್ತೆಯೊಬ್ಬರೇ ಬಂದರು. ಬಸ್ಸು ಅಲುಗಿದಾಗ ಕಿಟಕಿಯಿಂದ ವೀಳ್ಯದೆಲೆಯ ಕಟ್ಟು ಕೊಟ್ಟು, "ಆಕಿ ಇನ್ನ ಕಂಪ್ಯೂಟರ್ ಬಿಟ್ಟು ಏಳೂದಿಲ್ಲ ಬಿಡ್ರಿ," ಎಂದರು. "ಆ ಗೋರಿ ಮನ್ಯಾಗ ಇನ್ನೂ ಭಾಳ ಹೆಣ್ಮಕ್ಕಳದಾರಂತ. ಎಲ್ಲಾರಿಗೂ ಅರಿಷಿಣ ಹಚ್ಚಬೇಕಲ್ಲ."