ಸೋಮಲಿಂಗನ ಗಿರಣಿಗೆ ಎರಡು ಪಾಳಿ

ಸೋಮಲಿಂಗ ದೇಶದ ಗಡಿ ಕಾದು ಬಂದವನೆಂದೇ ನಾನು ತಿಳಿದಿದ್ದೆ. ಅರೆಸೇನಾ ಪಡೆಯಿಂದ ನಿವೃತ್ತನಾಗಿ ಊರಿಗೆ ಮರಳಿದಾಗ ಅವನಿಗೊಂದು ಸತ್ಕಾರ ನಡೆಯಿತು. ಹಿಮ, ಶತ್ರು, ಎದೆಗಾರಿಕೆ ಎಂದು ನಾನು ಗಂಟಲು ಹರಿಯುವಂತೆ ಮಾತಾಡಿದೆ. ಊರಿನ ಏಕೈಕ ಸಾಹಿತಿ ನಾನೇ. ಹಿಮವನ್ನು ಫ್ರಿಜ್ಜಿನಲ್ಲಲ್ಲದೆ ಬೇರೆಲ್ಲೂ ಕಂಡವನಲ್ಲ. ಹೊದಿಸಿದ ಶಾಲು ಮಡಚುತ್ತ ಸೋಮಲಿಂಗ ಮೆಲ್ಲಗೆ ಹೇಳಿದ:

“ಸರ, ನಾ ಇದ್ದಲ್ಲಿ ಹಿಮಾ ಇರಲಿಲ್ಲರಿ. ಭತ್ತದ ಗದ್ದಿ ಇದ್ವು. ಈ ಕಡಿ ಒಂದು ಹಳ್ಳಿ, ಆ ಕಡಿ ಒಂದು ಹಳ್ಳಿ. ಎರಡೂ ನಮ್ಮ ದೇಶದಾಗ ಅದಾವು.”

ಈಶಾನ್ಯದ ಒಂದು ಸೀಮೆಯಲ್ಲಿ ಗುಡ್ಡದ ಜನಕ್ಕೂ ಬಯಲಿನ ಜನಕ್ಕೂ ಹೊಡೆದಾಟವಾಗಿ, ಸರಕಾರ ನಡುವೆ ಆಚೆಗೊಂದು ಈಚೆಗೊಂದು ಗೇಟು ಹಾಕಿಸಿತ್ತಂತೆ. ಬಂದವರನ್ನೆಲ್ಲ ‘ನೀ ಯಾವ ಕಡೆಯವ’ ಎಂದು ಕೇಳುವುದು, ಉತ್ತರ ಕೇಳಿ ಹಿಂದಕ್ಕೆ ಅಟ್ಟುವುದು. ನಾನು ಹಾಡಿ ಹೊಗಳಿದ ಶೌರ್ಯ ಇಷ್ಟೇ.

ನೌಕರಿಯಿಂದ ಬಂದದ್ದನ್ನೆಲ್ಲ ಸುರಿದು ಅವನು ಹಿಟ್ಟಿನ ಗಿರಣಿ ಹಾಕಿದ. ಗುಡೂರಿನಾಚೆಯ ನಮ್ಮ ಹಳ್ಳಿಗೆ ಇದ್ದದ್ದು ಅದೊಂದೇ. ಬೀಸಿಸಲು ಬಂದವರ ಸಾಲಿನಲ್ಲಿ ಯಾವಾಗಲೂ ಗುರುಲಿಂಗವ್ವನ ಡಬ್ಬಿಯ ಹಿಂದೆ ಅಬೇದಾಳ ಡಬ್ಬಿ. ಮೊದಲು ಬೀಸಿದವರ ಹಿಟ್ಟು ಕಲ್ಲಿನಲ್ಲಿ ಒಂದು ಹಿಡಿ ಉಳಿದು ಆಮೇಲಿನವರ ಡಬ್ಬಿಗೆ ಬೀಳುತ್ತದೆ. ದಿನಾ ಅದೇ ಜಗಳ.

“ನನ್ನ ಬಿಳಿಜ್ವಾಳ ತಿಂದ ತಿಂದ ಆಕಿ ಹ್ಯಾಂಗ ದುಂಡಗ ಆಗ್ಯಾಳ ನೋಡಪಾ,” ಎಂದು ಗುರುಲಿಂಗವ್ವ.

“ಅದರಾಗಿನ ಹುಳಾನೂ ನಾನ ತಿಂದೇನಿ. ಅದನ್ನೂ ಹೇಳಬೇ,” ಎಂದು ಅಬೇದಾ.

ಹೋದ ವರ್ಷ ಒಂದು ಮೆರವಣಿಗೆಯಲ್ಲಿ ಎಲ್ಲಿಂದಲೋ ಕಲ್ಲು ಬಿತ್ತು. ಕಲ್ಲಿನ ಹಿಂದೆ ಪೊಲೀಸ್ ವ್ಯಾನು ಬಂತು, ವ್ಯಾನಿನ ಹಿಂದೆ ಶಾಂತಿ ಸಮಿತಿ. ನನ್ನನ್ನೂ ಸದಸ್ಯನನ್ನಾಗಿ ಮಾಡಿದರು. ಎದೆಗೆ ಬ್ಯಾಡ್ಜು ಏರಿದ ಮೇಲೆ ನನಗೂ ಶಾಂತಿಯ ಬಗ್ಗೆ ಅಭಿಪ್ರಾಯಗಳು ಬರತೊಡಗಿದವು. ಸಭೆಯಲ್ಲಿ ಎಡಕ್ಕೆ ಹಿಂದೂಗಳ ಕುರ್ಚಿ, ಬಲಕ್ಕೆ ಮುಸಲ್ಮಾನರದು. ಜಾಗ ಸಿಕ್ಕಲ್ಲಿ ಕೂರುತ್ತಿದ್ದ ಜನ ಅಂದು ತಮ್ಮ ಕಡೆ ಯಾವುದೆಂದು ಹುಡುಕಿಕೊಂಡು ಕೂತರು. ಬಂದೋಬಸ್ತಿಗೆ ಬಂದ ಅಧಿಕಾರಿ ಗಿರಣಿಗೆ ಎರಡು ಪಾಳಿ ಗೊತ್ತು ಮಾಡಿದರು: ಮುಂಜಾನೆ ಇವರು, ಸಂಜೆ ಅವರು. ಸ್ವಲ್ಪ ದಿನದ ಮಟ್ಟಿಗಷ್ಟೇ. ಬಾಗಿಲಲ್ಲಿ ನಿಂತು ವಿಚಾರಿಸಿ ಬಿಡಲು ಅನುಭವಸ್ಥನೇ ಇದ್ದಾನಲ್ಲ ಎಂದು ನಕ್ಕರು. ಒಪ್ಪದಿದ್ದರೆ ಗಿರಣಿಗೆ ಬೀಗ. ಬ್ಯಾಡ್ಜು ಅಲುಗಾಡುವಂತೆ ನಾನು ತಲೆಯಾಡಿಸಿದೆ.

ಸೋಮಲಿಂಗ ಎದ್ದು ಒಬ್ಬ ಮುದುಕಿಯ ಸಂಗತಿ ಹೇಳಿದ. ಗುಡ್ಡದಲ್ಲಿ ಹುಟ್ಟಿ ಬಯಲಿಗೆ ಸೊಸೆಯಾಗಿ ಬಂದವಳು. ಗುಡ್ಡಕ್ಕೆ ಕೊಟ್ಟ ಮಗಳ ಬಾಣಂತನಕ್ಕೆಂದು ಹೊರಟಿದ್ದಳು. ಆಚೆಯ ಗೇಟಿನವರು ಬಯಲಿನವಳೆಂದು ತಿರುಗಿಸಿದರು. ಮರಳಿ ಬಂದರೆ ಈಚೆಯ ಗೇಟಿನಲ್ಲಿ, ಗುಡ್ಡದವಳೆಂದು, ಇವನೇ ಒಳಗೆ ಬಿಡಲಿಲ್ಲ, ಹುಕುಂ ಹಾಗಿತ್ತು. ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಎರಡು ಗೇಟುಗಳ ನಡುವೆ ರಸ್ತೆಯಲ್ಲೇ ಕೂತಳು. ಕೊನೆಗೆ ಲಾರಿಯಲ್ಲಿ ಹಾಕಿಕೊಂಡು ಶಿಬಿರಕ್ಕೆ ಒಯ್ದರು. ಅಲ್ಲಿಯೂ ಮೊದಲು ಕೇಳಿದ್ದು ಅದನ್ನೇ.

“ಮೊದಲ ಬಡದಾಡಿದವ್ರು ಕೆಲವ್ರ ಇದ್ರು,” ಎಂದ ಸೋಮಲಿಂಗ. “ನಾವು ನಡುವ ಹೋಗಿ ನಿಂತ ಮ್ಯಾಲ ಎಲ್ಲಾರೂ ಒಂದೊಂದು ಕಡಿಯವ್ರು ಆಗಲೇಬೇಕಾತು. ಬೀಗಾನ ಹಾಕ್ರಿ.”

ಹಾಕಿದರು. ಗುರುಲಿಂಗವ್ವನೂ ಅಬೇದಾಳೂ ಈಗ ಬೇರೆ ಬೇರೆ ಟಂಟಂ ಹತ್ತಿ ಇಳಕಲ್ಲಿಗೆ ಹೋಗಿ ಬೀಸಿಸಿಕೊಂಡು ಬರುತ್ತಾರೆ. ಒಬ್ಬರನ್ನೊಬ್ಬರು ಬೈಯುವುದನ್ನೂ ಬಿಟ್ಟಿದ್ದಾರೆ. ಊರಲ್ಲಿ ಶಾಂತಿ ನೆಲೆಸಿದೆ ಎಂದು ಸಮಿತಿ ಮೇಲಿನವರಿಗೆ ತಿಳಿಸಿದೆ.

ಸೋಮಲಿಂಗ ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಾವಲುಗಾರ. ಮತ್ತದೇ ಗೇಟು, ತಡೆಯಬೇಕಾದದ್ದು ಲಾರಿಗಳನ್ನಷ್ಟೇ ಎಂಬುದು ಸಮಾಧಾನ. ಇದನ್ನು ಬರೆಯಲು ಒಂದು ವಿವರ ಬೇಕಾಗಿತ್ತು. ಹೋಗಿ ಕೇಳಿದೆ:

“ಅಲ್ಲೋ ಸೋಮಲಿಂಗ, ಖರೆ ಅಂದ್ರ ಆ ಮುದುಕಿ ಯಾವ ಕಡಿಯಾಕಿ?”

“ಅದನ್ನ ಕೇಳಾಕ ಸರಕಾರ ನನಗ ಪಗಾರ ಕೊಡ್ತಿತ್ತರಿ ಸರ. ನೀವು ಪುಕ್ಕಟ ಕೇಳಾಕತ್ತೀರಿ.”